ರಜೆ ಡೈರಿ 4: ಹಿತ್ತಲಲ್ಲಿ ಪಂದಿ ಕರಿ

ನಮ್ಮ ಸಿದ್ದಾಪುರದ ಮನೇಲಿ ಹಂದಿ ಮಾಂಸ ಒಲೆ ಏರಿದ್ದೇ ಇಲ್ಲ. (ಕೊಡಗಿನ ಸಿದ್ದಾಪುರ ಅಲ್ಲ ಕಣ್ರಪ್ಪಾ, ಮೊಳಕಾಲ್ಮೂರಿನದು. 1892ರಲ್ಲಿ ಬಿ. ಎಲ್. ರೈಸ್ ಅಶೋಕನ ಶಾಸನ ಪತ್ತೆ ಮಾಡಿದ ಊರು!) ಆದ್ರೆ ರಜೆಗೆ ಹೊರಡುವಾಗ ಹಾಸ್ಟೆಲ್‌ನ ಕೊಡಗಿನ ಗೆಳತಿ ಒಂದು ಸಣ್ಣ ಬಾಟಲಿ ಕಾಚಂಪುಳಿ ಕೊಟ್ಲು. ಹುಳಿಹಣ್ಣಿನ ರಸಾನ ಕಪ್ಪಗಾಗೋವರೆಗೆ ಕುದಿಸಿ ಇಳಿಸಿದ್ದು. ಕೈಲ್‌ಪೊಳ್ದ್ ಹಬ್ಬಕ್ಕೆ ಅವರ ಮನೇಲಿ ಪಂದಿ ಕರಿ, ಕಡಂಬುಟ್ಟು ಇರಲೇಬೇಕಂತೆ.

ಅಜ್ಜಿದು ಒಂದೇ ಮಾತು: "ನನ್ನ ಪಾತ್ರೆ ಮುಟ್ಟಬೇಡ."

ಸರಿ, ಹಿತ್ತಲಲ್ಲಿ ಮೂರು ಕಲ್ಲು, ಹಳೇ ಬೋಗುಣಿ. ಚಿಕ್ಕಮ್ಮನ ಮಕ್ಕಳಿಬ್ಬರು ಅಸಿಸ್ಟೆಂಟು. ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆ, ಚೂರು ಮೆಂತ್ಯ ಕಪ್ಪಗೆ ಹುರಿದ್ವಿ. "ಅಕ್ಕಾ, ಸೀದೋಯ್ತು!" ಅಂತ ಚಿಕ್ಕವಳು ಅಳೋದೊಂದು ಬಾಕಿ. ಇಲ್ಲ ಪುಟ್ಟಿ, ಇದರ ಬಣ್ಣಾನೇ ಅದು. ಮಾಂಸ ತನ್ನ ಕೊಬ್ಬಲ್ಲೇ ಒಂದೂವರೆ ಗಂಟೆ ಬೆಂತು. ಕೊನೆಗೆ ಎರಡು ಚಮಚ ಕಾಚಂಪುಳಿ.

ದೊಡ್ಡವನು ಊದುಗೊಳವೆ ಕೆಳಗಿಟ್ಟು ಕೇಳ್ದ: "ಅಕ್ಕಾ, ನಮ್ಮ ಕ್ಲಾಸಲ್ಲಿ ಒಬ್ಬ ಹಂದಿ ತಿಂತಾನೆ ಅಂತ ಯಾರೂ ಪಕ್ಕ ಕೂರಲ್ಲ. ಈಗ ನಾವೂ ತಿಂದ್ರೆ?"

ಏಳನೇ ಕ್ಲಾಸಲ್ಲಿ ನಾನೂ ಇದೇ ಕಾರಣಕ್ಕೆ ಬೆಂಚು ಬದಲಾಯಿಸಿದ್ದೆ. ಅದನ್ನ ಅವನಿಗೆ ಹೇಳ್ದೆ. ಹೊಗೆ ಕಣ್ಣಿಗೆ ಬಂದಿದ್ದು ಒಳ್ಳೇದಾಯ್ತು.

ಅವನು ಏನೂ ಅನ್ನಲಿಲ್ಲ. ಮುದ್ದೆ ಜೊತೆ ಎರಡು ಸಲ ಬಡಿಸ್ಕೊಂಡ. ಅಜ್ಜಿ ಹೊಸ್ತಿಲಲ್ಲೇ ಕೂತು ಮುದ್ದೆ, ಸೊಪ್ಪಿನ ಸಾರು ಉಂಡ್ಲು.

ಬೋಗುಣಿ ಇನ್ನೂ ಹಿತ್ತಲಲ್ಲೇ ಐತೆ. ಒಳಗೆ ತರಂಗಿಲ್ಲ.