ಅಜ್ಜಿ ಹುಟ್ಟಿದ ದೇಶಕ್ಕಾಗಿ ಆಡುವವರು

ಪುಣೆಯಲ್ಲಿ ಕೂತು ಸಿಡ್ನಿಯ ಕ್ಲೈಂಟ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದರಿಂದ ನನಗೆ ಅಂಟಿಕೊಂಡ ಹುಚ್ಚು ರಗ್ಬಿ ಲೀಗ್. ತಂಡಕ್ಕೆ 13 ಜನ, 80 ನಿಮಿಷದ ಆಟ. ಹಿಡಿದು ಕೆಡವುವುದನ್ನು ನೋಡಿದರೆ ನಮ್ಮ ಕಬಡ್ಡಿ ನೆನಪಾಗುತ್ತದೆ. ಆದರೆ ಆಟಕ್ಕಿಂತ ಹೆಚ್ಚು ನನ್ನನ್ನು ಸೆಳೆದದ್ದು, ಯಾರು ಯಾವ ದೇಶಕ್ಕೆ ಆಡಬಹುದು ಎಂಬ ನಿಯಮ.

ಆಟಗಾರ ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿ ಐದು ವರ್ಷ ನೆಲೆಸಿರಬೇಕು. ಎರಡೂ ಇಲ್ಲವೆಂದರೆ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಲ್ಲಿ ಒಬ್ಬರು ಅಲ್ಲಿ ಹುಟ್ಟಿದ್ದರೂ ಸಾಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಂಗ್ಲೆಂಡ್ ಮೊದಲ ದರ್ಜೆಯ ದೇಶಗಳು. ಅವುಗಳಿಗೆ ಆಡಿದವರೂ ಮುಂದೆ ತಮ್ಮ ಮೂಲದ ಸಣ್ಣ ದೇಶಕ್ಕೆ ಆಡಬಹುದು.

ಇದರಿಂದ ಏನಾಯಿತು ಎಂಬುದಕ್ಕೆ ಟೊಂಗಾ ಸಾಕ್ಷಿ. ಸುಮಾರು ಒಂದು ಲಕ್ಷ ಜನರ ದ್ವೀಪದೇಶ ಅದು. 2017ರ ವಿಶ್ವಕಪ್‌ಗೆ ಮುಂಚೆ, ಆಕ್ಲೆಂಡಿನಲ್ಲಿ ಹುಟ್ಟಿದ ಜೇಸನ್ ಟೌಮಲೋಲೊ ನ್ಯೂಜಿಲೆಂಡ್ ಬಿಟ್ಟು ಟೊಂಗಾ ಆರಿಸಿಕೊಂಡ. ಆಂಡ್ರ್ಯೂ ಫಿಫಿಟಾ ಆಸ್ಟ್ರೇಲಿಯಾ ಬಿಟ್ಟು ಬಂದ. ಅದೇ ಟೂರ್ನಿಯಲ್ಲಿ ಟೊಂಗಾ ನ್ಯೂಜಿಲೆಂಡನ್ನು 28-22ರಿಂದ ಸೋಲಿಸಿತು. 2019ರಲ್ಲಿ ಆಸ್ಟ್ರೇಲಿಯಾವನ್ನೂ 16-12ರಿಂದ ಮಣಿಸಿತು. 2022ರಲ್ಲಿ ಸಮೋವಾ ವಿಶ್ವಕಪ್ ಫೈನಲ್ ತಲುಪಿತು.

ಇನ್ನೊಂದು ಮುಖವೂ ಇದೆ. ಲೆಬನಾನ್ ತಂಡದ ಬಹುತೇಕ ಹುಡುಗರು ಸಿಡ್ನಿಯಲ್ಲಿ ಬೆಳೆದವರು. ಗ್ರೀಸ್ ತಂಡವೂ ಬಹುಮಟ್ಟಿಗೆ ಆಸ್ಟ್ರೇಲಿಯಾದ ಗ್ರೀಕರದ್ದೇ; ಗ್ರೀಸ್‌ನಲ್ಲೇ ಇದ್ದ ಆಟಗಾರರು ಅಧಿಕೃತ ಮಾನ್ಯತೆಯಿಲ್ಲದೆ ವರ್ಷಗಳ ಕಾಲ ಕದ್ದುಮುಚ್ಚಿ ಆಡಬೇಕಾಯಿತು. ವಲಸಿಗರ ಮಗ ದೇಶದ ಅಂಗಿ ತೊಟ್ಟ ಮಾತ್ರಕ್ಕೆ ಆ ದೇಶದಲ್ಲಿ ಮೈದಾನ ಹುಟ್ಟುವುದಿಲ್ಲ.

ಹಾಗೆಂದು ಈ ನಿಯಮವನ್ನು ಕಳ್ಳದಾರಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾನು ಹುಟ್ಟಿದ್ದು ಧಾರವಾಡ, ಮಗಳು ಪುಣೆ. ಅವಳು ಸೊಸೈಟಿಯ ಗೆಳತಿಯರೊಡನೆ ಮರಾಠಿ, ಮನೆಯಲ್ಲಿ ಕನ್ನಡ ಆಡುತ್ತಾಳೆ. "ಊರು ಯಾವುದು?" ಎಂದರೆ ಎರಡನ್ನೂ ಹೇಳುತ್ತಾಳೆ. ಅದರಲ್ಲಿ ಸುಳ್ಳೇನಿದೆ?

ಆದರೆ ಈ ನಿಯಮಕ್ಕೂ ಒಂದು ಗಡುವಿದೆ. ನನ್ನ ಹುಟ್ಟೂರಿನ ಲೆಕ್ಕ ಮೊಮ್ಮಕ್ಕಳವರೆಗೆ ಮಾತ್ರ ನಡೆಯುತ್ತದೆ. ಅಲ್ಲಿಂದಾಚೆ ಮೂಲ ಉಳಿಯಬೇಕಾದರೆ ಊರಲ್ಲೂ ಆಟ ಬೆಳೆದಿರಬೇಕು. ಹಾಗಾಗಿ ಅಜ್ಜಿಯ ನಿಯಮ ಇರಲಿ. ಜೊತೆಗೆ ಪ್ರತಿ ತಂಡದಲ್ಲೂ ಆ ನೆಲದಲ್ಲೇ ಆಟ ಕಲಿತ ಕೆಲವು ಹುಡುಗರಿಗೆ ಜಾಗ ಮೀಸಲಿರಲಿ. ವಲಸೆ ಹೋದವರು ಗೆದ್ದುಕೊಟ್ಟ ಹೆಸರು, ಉಳಿದವರಿಗೆ ಮೈದಾನವಾಗಿ ಸಿಗಲಿ.