ಹೊಲಕ್ಕ ಮೊದಲ ತುತ್ತು

ಎಳ್ಳ ಅಮಾಸಿಯ ಅಡಿಗೆಯನ್ನು ಮನೆಯೊಳಗೇ ಕೂತು ಉಂಡರೆ ಅದು ಊಟವಾದೀತು, ಹಬ್ಬ ಆಗುವುದಿಲ್ಲ. ಯಲಬುರ್ಗಾ, ಕುಷ್ಟಗಿ ಕಡೆಯ ನಮಗೆಲ್ಲ ಆ ದಿನ ಒಲೆ ಮನೆಯಲ್ಲಿ, ಪಂಕ್ತಿ ಹೊಲದಲ್ಲಿ. ಎರಿ ಹೊಲದ ಬಿಳಿಜೋಳ ತೆನೆ ಹಿರಿಯುವ ಹೊತ್ತು, ಕಡಲೆ ಹೂವು ಬಿಟ್ಟು ಕಾಯಿ ಕಟ್ಟುವ ಹೊತ್ತು ಅದು. ತುಂಬಿದ ಬಸುರಿಗೆ ಬಯಕೆ ಊಟ ಒಯ್ದಂತೆ ಭೂಮಿತಾಯಿಗೆ ಬುತ್ತಿ ಒಯ್ಯುತ್ತೇವೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಕೈಮುಗಿದು ಮೊದಲ ಎಡೆ ಅಲ್ಲಿಗೆ. ಎರಡನೆಯದು ಹೊಲಕ್ಕೆ. ನಮ್ಮ ಪಾಳಿ ಆಮೇಲೆ.

ಪರಿಸರಸ್ನೇಹಿ ಹಬ್ಬ ಮಾಡುವುದು ಹೇಗೆ ಎಂದು ಈಗ ಎಲ್ಲ ಕಡೆ ಕೇಳುತ್ತಾರೆ. ಕೇಳಬೇಕಾದ ಮಾತೇ. ಆದರೆ ನಮ್ಮ ಸೀಮೆಯಲ್ಲಿ ಅದನ್ನು ಹೊಸದಾಗಿ ಹುಡುಕಬೇಕಿಲ್ಲ, ಇದ್ದದ್ದನ್ನು ಕೆಡಿಸದಿದ್ದರೆ ಸಾಕು ಎಂದು ನನಗೆ ಅನಿಸುತ್ತದೆ. ಬುತ್ತಿಯೊಳಗೆ ಏನಿರುತ್ತದೆ ನೋಡಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯೆ, ಮಡಿಕೆ ಕಾಳಿನ ಉಸಳಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ, ಕಡಬು, ಮೊಸರನ್ನ. ಅಕ್ಕಿಯೂ ದೂರದ್ದಲ್ಲ; 1953ರಲ್ಲಿ ಮುನಿರಾಬಾದಿನ ಹತ್ತಿರ ತುಂಗಭದ್ರಾ ಆಣೆಕಟ್ಟು ಮುಗಿದ ಮೇಲೆ ಕಾಲುವೆ ನೀರುಂಡು ಬೆಳೆದ ಗಂಗಾವತಿ ಸೀಮೆಯದು. ಇನ್ನು ಬಿಳಿಜೋಳಕ್ಕೆ ಕಾಲುವೆಯೂ ಬೇಡ. ಹಿಂಗಾರಿ ಮಳೆಯ ಹಸಿಯನ್ನು ಎರಿ ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ಅದರ ಮೇಲೆ, ಚಳಿಗಾಲದ ಇಬ್ಬನಿಯೊಳಗೆ ಬೆಳೆದು ನಿಲ್ಲುತ್ತದೆ. ಕಾಳು ನಮಗೆ, ಕಣಿಕಿ ದನಕ್ಕೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನನಗೆ ಹೆಮ್ಮೆಯಾದದ್ದು ನಿಜ. ನಮ್ಮ ಸಜ್ಜಿ, ಜೋಳ ಆ ಪಂಕ್ತಿಯಲ್ಲಿ ಮುಂದೆ ಕೂತಿದ್ದವು.

ಹೊಲದಲ್ಲಿ ಉಣ್ಣುವ ರೀತಿಯನ್ನೂ ಹೇಳಬೇಕು. ಎಡಗೈ ಅಂಗೈ ಮೇಲೆ ರೊಟ್ಟಿ, ರೊಟ್ಟಿ ಮೇಲೆ ಎಣ್ಣೆಗಾಯಿ, ಅದರ ಮಗ್ಗಲು ಚಟ್ನಿ, ಚಟ್ನಿಯ ಮೇಲೆ ಚೂರು ಮೊಸರು. ಅಂಚಿನಿಂದ ಮುರಿದು ಮುರಿದು ಉಣ್ಣುತ್ತ ಬಂದರೆ ಕಡೆಗೆ ನಡುವಿನ ತುಣುಕು ಎಲ್ಲ ರಸ ಹೀರಿಕೊಂಡು ಮೆತ್ತಗಾಗಿರುತ್ತದೆ. ಊಟದ ಅತ್ಯಂತ ರುಚಿಯ ತುತ್ತು ಅದು. ತಾಟೂ ಹೊಟ್ಟೆಗೇ ಹೋಯಿತು! ಕೈ ಚಾಚಿದರೆ ಕಡಲೆ ಗಿಡದ ಹುಳಿ ಹುಳಿ ಕುಡಿ, ಬದುವಿನ ಮಗ್ಗಲಿಗೆ ಹಕ್ಕರಿಕಿ. ಹಕ್ಕರಿಕಿಯನ್ನು ಯಾರೂ ಬಿತ್ತುವುದಿಲ್ಲ, ತಾನಾಗಿ ಬರುತ್ತದೆ. ಕಳೆನಾಶಕ ಹೊಡೆದ ಹೊಲದಲ್ಲಿ ಮಾತ್ರ ಹುಡುಕಬೇಕಾಗುತ್ತದೆ.

ಇನ್ನು ಚರಗ. ಕಡಬು, ಹೋಳಿಗೆ, ಅನ್ನ, ರೊಟ್ಟಿಯ ಚೂರು ಎಲ್ಲ ಕಲಸಿ ಬುಟ್ಟಿಯಲ್ಲಿ ಹಿಡಿದು ಒಬ್ಬರು ಕೂಗು ಹಾಕುತ್ತ ಬೆಳೆಯ ಸುತ್ತ ಚೆಲ್ಲುತ್ತ ಹೋಗುತ್ತಾರೆ, ಅವರ ಬೆನ್ನಿಗೆ ಇನ್ನೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತಾರೆ. ಇರುವೆ ಬರುತ್ತದೆ, ಗೊರವಂಕ ಬರುತ್ತದೆ. ಅನ್ನಕ್ಕೆ ಇಳಿದ ಹಕ್ಕಿ ಕಡಲೆಯ ಕಾಯಿಕೊರಕ ಹುಳುವನ್ನೂ ಬಿಡುವುದಿಲ್ಲ. ಹೊಲದಲ್ಲಿ ಹಕ್ಕಿ ಕೂರಲು ಕವಲುಕಡ್ಡಿ ನೆಡಿರಿ, ಚುರುಮುರಿ ಚೆಲ್ಲಿರಿ ಎಂದು ಕೃಷಿ ವಿಜ್ಞಾನಿಗಳು ರೈತರಿಗೆ ಹೇಳುವುದೂ ಇದೇ ಲೆಕ್ಕದ ಮೇಲೆ.

ಹೀಗೆ ಮಣ್ಣಿಗೆ ಉಣಿಸಲೆಂದೇ ಹೋದವರು ಮಣ್ಣು ಅರಗಿಸಿಕೊಳ್ಳಲಾರದ್ದನ್ನು ಅಲ್ಲೇ ಬಿಟ್ಟು ಬರುವುದು ನನಗೆ ಸಹಿಸಲಾಗದ ಸಂಗತಿ. ಹಬ್ಬದ ಮರುದಿನ ಬದುವಿಗೆ ಹೋದರೆ ಮಿರಿಮಿರಿ ಹಾಳೆ ಅಂಟಿಸಿದ ಕಾಗದದ ತಾಟು, ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿ ಬಿದ್ದಿರುತ್ತವೆ. ಎರಿ ಭೂಮಿ ಬ್ಯಾಸಗಿಯಲ್ಲಿ ಅಂಗೈ ಅಗಲ ಬಿರಿಯುತ್ತದೆ. ಗಾಳಿಗೆ ಹಾರಿದ ಹಾಳೆ ಆ ಬಿರುಕಿನೊಳಗೆ ಇಳಿಯುತ್ತದೆ, ಮಳೆ ಬಿದ್ದ ಕೂಡಲೇ ಮಣ್ಣು ಮುಚ್ಚಿಕೊಳ್ಳುತ್ತದೆ. ಮುಂದೆ ಕುಂಟೆಗೆ ಸಿಕ್ಕುವುದು, ಬೇರಿಗೆ ಅಡ್ಡ ಬರುವುದು ಅದೇ. ಮೇಲೆ ಉಳಿದದ್ದು ದನದ ಹೊಟ್ಟೆಗೆ, ಇಲ್ಲವೇ ಹಳ್ಳಕ್ಕೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ಇಳಿದು ನಿಂತು ಜನರ ಕೈಯಿಂದ ಹಿರೇಹಳ್ಳ ಸ್ವಚ್ಛ ಮಾಡಿಸಿದ್ದನ್ನು ಕಂಡ ಜಿಲ್ಲೆ ನಮ್ಮದು. ಪ್ಲಾಸ್ಟಿಕ್ ತಾಟು, ಲೋಟಗಳನ್ನು ರಾಜ್ಯ ಸರಕಾರ 2016ರಲ್ಲೇ ನಿಷೇಧಿಸಿದೆ. ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಇದೆ. ಆದರೆ ಹೊಲದ ಬದುವಿಗೆ ಕಾವಲುಗಾರ ಯಾರು? ಉಂಡು ಏಳುವವರೇ.

ಈ ತಾಟು ಬುತ್ತಿಗೆ ಬಂದದ್ದಕ್ಕೆ ಕಾರಣವೂ ಇದೆ. ಸ್ಟೀಲಿನ ತಾಟು ಒಯ್ಯೋಣ ಅಂದಾಗ ನಮ್ಮ ಚಿಗವ್ವ ನೇರವಾಗಿ ಕೇಳಿದಳು: "ನಸುಕಿನ್ಯಾಗ ಎದ್ದು ರೊಟ್ಟಿ ಬಡಿಯೋರೂ ನಾವ, ಸಂಜೀಕ ಬಂದು ತಾಟ ತಿಕ್ಕೋರೂ ನಾವ ಅಂದ್ರ ಹ್ಯಾಂಗೋ ತಮ್ಮಾ?" ನ್ಯಾಯದ ಮಾತು. ಹೆಂಗಸರ ರಟ್ಟೆಯ ಲೆಕ್ಕ ಬಿಟ್ಟು ಪರಿಸರದ ಲೆಕ್ಕ ಹಾಕುವವರಿಗೆ ಅಡಿಗೆಮನೆ ಗೊತ್ತಿಲ್ಲ. ಈಗ ನಮ್ಮಲ್ಲಿ ರೊಟ್ಟಿ ಉಣ್ಣಲು ಅಂಗೈ, ಮೊಸರನ್ನಕ್ಕೆ ಮುತ್ತಲೆಲೆಯ ಪತ್ರಾವಳಿ, ಕುಡಿಯಲು ಕೊಡದ ನೀರು, ಮನೆಯಿಂದ ಒಯ್ದ ನಾಕು ಹಿತ್ತಾಳಿ ತಂಬಿಗೆ. ಬುಟ್ಟಿ, ಬೋಗುಣಿ ತೊಳೆಯುವುದು ಗಂಡಸರ ಪಾಲಿಗೆ. ಉಂಡ ಎಲೆ ತಿಪ್ಪೆಗೆ ಹೋಗಿ ಮುಂದೆ ಗೊಬ್ಬರವಾಗಿ ಅದೇ ಹೊಲಕ್ಕೆ ಬರುತ್ತದೆ.

ಅಮಾಸಿ ಮುಗಿದರೂ ಒಲೆಗೆ ಬಿಡುವಿಲ್ಲ. ಪುಷ್ಯ ಬಹುಳ ಬಿದಿಗೆಗೆ ಕೊಪ್ಪಳದಲ್ಲಿ ಗವಿಸಿದ್ಧೇಶ್ವರನ ತೇರು, ಮುಂದಿನ ಅಮಾಸಿಯ ತನಕ ಮಹಾದಾಸೋಹ. ಊರೂರಿನ ಹೆಂಗಸರು ಬಡಿದ ಲಕ್ಷಗಟ್ಟಲೆ ರೊಟ್ಟಿ, ಮಾದಲಿ ಟ್ರ್ಯಾಕ್ಟರು ಏರಿ ಮಠಕ್ಕೆ ಹೋಗುತ್ತವೆ. ಕಡಕ್ ರೊಟ್ಟಿಗೆ ಫ್ರಿಜ್ಜು ಬೇಡ, ನೀರಿನ ಪಸೆ ತಾಗದಿದ್ದರೆ ಅದು ವಾರಗಟ್ಟಲೆ ಕೆಡುವುದಿಲ್ಲ. ನಮ್ಮ ಓಣಿಯ ರೊಟ್ಟಿಯನ್ನು ಈ ಸಲ ಪ್ಲಾಸ್ಟಿಕ್ ಚೀಲಕ್ಕೆ ತುಂಬದೆ ಬಿಳಿ ಧೋತರದಲ್ಲಿ ಕಟ್ಟಿ ಕಳಿಸಬೇಕೆಂದು ಚಿಗವ್ವ ಹೇಳಿದ್ದಾಳೆ. ಧೋತರ ಒಗೆದು ಒಣಗಿಸುವ ಕೆಲಸ ನನಗೆ ಬಂದಿದೆ.