ಇಳಕಲ್ಲಿಗೆ ಹೋಗಿ ಕೊಂಡಿ ಕಲಿತು ಬಂದೆ

ಮದುವೆಯಾಗಿ ತಿಪಟೂರಿಗೆ ಬಂದು ಇಪ್ಪತ್ತಾರು ವರ್ಷವಾದರೂ ನಾನು ಒಬ್ಬಳೇ ರಾತ್ರಿ ರೈಲು ಹತ್ತಿದ್ದು ಇದೇ ಮೊದಲು. ಸ್ವರ್ಣಗೌರಿ ಹಬ್ಬ ಕಳೆದ ಮರುವಾರ. ಚೀಲದಲ್ಲಿ ಎರಡು ಸೀರೆ. ಒಂದು ಉಡುವುದಕ್ಕೆ, ಇನ್ನೊಂದು ಧಾರವಾಡದ ಶಿಕ್ಷಕಿಯೊಬ್ಬರು ನನಗೆ ವಾಪಸು ಕಳಿಸಿದ್ದು. ನಮ್ಮವರು ಸ್ಟೇಷನ್ನಿನವರೆಗೂ ಬಂದು, "ಸೀರೆ ನೋಡೋಕೆ ಅಷ್ಟು ದೂರ ಹೋಗಬೇಕೇನೆ? ಫೋನಿನಲ್ಲೇ ಕಾಣಲ್ವೆ?" ಅಂದರು. ಫೋನಿನಲ್ಲಿ ಕಂಡದ್ದನ್ನು ನಂಬಿಯೇ ತಾನೇ ಈ ಫಜೀತಿ ಆದದ್ದು!

ಫಜೀತಿ ಏನೆಂದು ಹೇಳಿಬಿಡುತ್ತೇನೆ. 2020ರಲ್ಲಿ ಲಾಕ್‌ಡೌನ್ ಆಗಿ ನಮ್ಮವರ ಅಂಗಡಿಯ ಬಾಗಿಲು ಎಳೆದಾಗ ನಾನು ವಾಟ್ಸಾಪಿನಲ್ಲಿ ಸೀರೆ ಮಾರಲು ಶುರು ಮಾಡಿದೆ. ಮೊದಲು ಅಕ್ಕಪಕ್ಕದವರು, ಆಮೇಲೆ ಅವರ ನಾದಿನಿಯರು, ಓರಗಿತ್ತಿಯರು, ಹೀಗೆ ಬಳಗ ಇನ್ನೂರು ದಾಟಿತು. ಮಗಳು ಇನ್‌ಸ್ಟಾಗ್ರಾಂನಲ್ಲೂ ಒಂದು ಪುಟ ತೆರೆದುಕೊಟ್ಟಳು. ಹೋದ ವರ್ಷ ಪಟ್ಟಣದ ವ್ಯಾಪಾರಿಯೊಬ್ಬರು "ಅಪ್ಪಟ ಕೈಮಗ್ಗದ ಇಳಕಲ್" ಎಂದು ನಲವತ್ತು ಸೀರೆ ಕೊಟ್ಟರು. ಅವರು ಬರೆದದ್ದನ್ನೇ ನಾನೂ ಬರೆದೆ. ಮಗಳ ಫೀಸಿಗೆಂದು ಎತ್ತಿಟ್ಟ ದುಡ್ಡು ಅದರಲ್ಲಿ ಹೋಗಿತ್ತು. ಹತ್ತೊಂಬತ್ತು ಸೀರೆ ಹೋದವು. ಅಷ್ಟರಲ್ಲಿ ಆ ಶಿಕ್ಷಕಿ ಇಡೀ ಬಳಗದ ಮುಂದೆ ಬರೆದರು: "ಇದು ಇಳಕಲ್ ಸೀರಿ ಅಲ್ಲರೀ. ಸೆರಗಿಗೆ ಕೊಂಡಿನೇ ಇಲ್ಲ."

ಕೊಂಡಿ ಎಂದರೇನೆಂದು ನನಗೆ ಗೊತ್ತೇ ಇರಲಿಲ್ಲ. ನಾಚಿಕೆಗಿಂತ ಅದೇ ಹೆಚ್ಚು ಚುಚ್ಚಿತು. ಎರಡು ದಿನದಲ್ಲಿ ಹನ್ನೊಂದು ಜನ ದುಡ್ಡು ವಾಪಸು ಕೇಳಿದರು, ಕೊಟ್ಟೆ. ಬೀರುವಿನಲ್ಲಿ ಮೂವತ್ತೆರಡು ಸೀರೆ ಕೂತವು. ವ್ಯಾಪಾರ ನಿಲ್ಲಿಸುವುದೋ, ತಿಳಿದುಕೊಂಡು ಮಾಡುವುದೋ, ಎರಡರಲ್ಲಿ ಒಂದು ಆಗಲೇಬೇಕಿತ್ತು.

ಹುಬ್ಬಳ್ಳಿಯಲ್ಲಿ ರೈಲು ಬದಲಿಸಿದೆ. ಗದಗ ದಾಟಿ, ಬಾದಾಮಿಯ ಕೆಂಪು ಬಂಡೆಗಳು ಕಾಣುವಾಗ ಇಳಿದುಬಿಡೋಣವೇ ಅನ್ನಿಸಿತು. ಗುಹೆಗಳನ್ನು ನೋಡಿಲ್ಲ. ಇನ್ನೊಮ್ಮೆ ಬರೋಣವೆಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಬಾಗಲಕೋಟೆಯಿಂದ ಬಸ್ಸು. ಅಮೀನಗಡದಲ್ಲಿ ಬಸ್ಸು ನಿಂತಿತು. ಅಲ್ಲಿಯ ಕರದಂಟು ಹೆಸರಾದದ್ದು, ಕಾಲು ಕಿಲೋ ಕಟ್ಟಿಸಿಕೊಂಡೆ (ಊರು ತಲುಪುವ ಹೊತ್ತಿಗೆ ನಾಲ್ಕೇ ತುಂಡು ಉಳಿದಿತ್ತೆಂಬುದು ಬೇರೆ ಮಾತು). ಹುನಗುಂದ ದಾಟಿದ ಮೇಲೆ ಇಳಕಲ್. ವಿಜಯಪುರ, ಹೊಸಪೇಟೆಗಳ ನಡುವಿನ ಹೆದ್ದಾರಿಯಲ್ಲೇ ಊರು. ಕೆಂಪು ಗ್ರಾನೈಟಿಗೂ ಇದು ಹೆಸರುವಾಸಿ. ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ನೋಡಿದ್ದು ಎದುರು ಕೂತಿದ್ದ ಇಬ್ಬರು ಅಜ್ಜಿಯರನ್ನು. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ತಲೆಯ ಮೇಲೆ ಕೆಂಪು ಸೆರಗು. ನಾನು ಮಾರಿದ ಸೀರೆಯ ಸೆರಗಿಗೂ ಇದಕ್ಕೂ ಎಷ್ಟು ವ್ಯತ್ಯಾಸವೆಂದು ಅಲ್ಲೇ, ನಿಂತಲ್ಲೇ ತಿಳಿಯಿತು.

ಪರಿಚಯದವರೊಬ್ಬರು ಹೇಳಿಕಳಿಸಿದ್ದ ನೇಕಾರರ ಮನೆ ಕಿರುದಾರಿಯೊಂದರ ಕೊನೆಯಲ್ಲಿತ್ತು. ಮನೆ ಕಾಣುವ ಮೊದಲೇ ಮಗ್ಗದ ಸದ್ದು ಕೇಳಿತು. "ಬರ್ರಿ ಅಕ್ಕಾರ, ಮೊದಲ ಉಣ್ಣ್ರಿ, ಸೀರಿ ಎಲ್ಲೂ ಓಡಿ ಹೋಗಂಗಿಲ್ಲ" ಎಂದು ಅತ್ತೆ ಕೈಕಾಲಿಗೆ ನೀರು ಕೊಟ್ಟರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಆ ಎಣ್ಣೆಗಾಯಿಯ ಮಸಾಲೆ ಬರೆದುಕೊಂಡು ಬಂದಿದ್ದೇನೆ, ಇನ್ನೊಂದು ಸಂಚಿಕೆಗೆ ಇರಲಿ.

ಮಗ್ಗವೆಂದರೆ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ನೆಲದ ಮಟ್ಟದಲ್ಲಿ ಕೂತು ನೇಯುವುದು. ಯಜಮಾನರು ನೇಯುತ್ತಿದ್ದರು, ಅತ್ತೆ ಪಕ್ಕದಲ್ಲಿ ನೂಲು ಸುತ್ತುತ್ತಿದ್ದರು. ನಾನು ಚೀಲದಿಂದ ನನ್ನ ಸೀರೆ ತೆಗೆದೆ. ಅವರು ಸೆರಗನ್ನು ಬಿಡಿಸಲೂ ಇಲ್ಲ. ಸೀರೆಯ ಎರಡೂ ತುದಿಯ ದಾರವನ್ನು ಬೆರಳಲ್ಲಿ ಹಿಡಿದು ನೋಡಿ ನನ್ನ ಕೈಗೇ ಕೊಟ್ಟರು. "ಎರಡೂ ಕಡೆ ಒಂದ ಬಣ್ಣ ಐತಿ ನೋಡ್ರಿ."

ಸೋದರಿಯರೇ, ಇದನ್ನು ನಿಧಾನವಾಗಿ ಓದಿ, ನಿಮಗೂ ಉಪಯೋಗವಾದೀತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹಾಸು ಎಂದರೆ ಉದ್ದಕ್ಕೆ ಎಳೆದು ಕಟ್ಟುವ ನೂಲು. ಒಡಲಿನ ನೂಲು ಮುಗಿಯುವಲ್ಲಿ ಒಂದೊಂದು ಎಳೆಗೂ ಸೆರಗಿನ ಕೆಂಪು ಅಥವಾ ಬಿಳಿ ಎಳೆಯನ್ನು ಕುಣಿಕೆ ಹಾಕಿ ಜೋಡಿಸುತ್ತಾರೆ. ಇದೇ ಕೊಂಡಿ. ಸಾವಿರಾರು ಎಳೆ, ಎಲ್ಲಾ ಕೈಯಲ್ಲೇ. ಹೀಗಾಗಿ ಒಂದೊಂದು ಸೀರೆಗೂ ಬೇರೆ ಬೇರೆ ಹಾಸು ಹೂಡಬೇಕು. ಹತ್ತು ಸೀರೆಯ ಹಾಸು ಒಮ್ಮೆಲೇ ಹಾಕಿ ನೇಯ್ದು ಕತ್ತರಿಸುವ ಹಾಗಿಲ್ಲ. ಆದ್ದರಿಂದ ನಿಜವಾದ ಸೀರೆಯ ಸೆರಗಿನ ತುದಿಯ ದಾರ ಕೆಂಪು ಬಿಳಿ ಇದ್ದರೆ, ಒಳತುದಿಯ ದಾರ ಒಡಲಿನ ಬಣ್ಣದ್ದು. ನನ್ನದರಲ್ಲಿ ಎರಡೂ ತುದಿ ನೀಲಿ! ಕೆಂಪು ಬಣ್ಣ ಅಡ್ಡ ನೂಲಿನಲ್ಲಿ ಮಾತ್ರ. ಸೆರಗಿನ ಮೇಲಿನ ಹಲ್ಲುಹಲ್ಲಿನ ಬಿಳಿ ಚಿತ್ರಕ್ಕೆ ಟೋಪ ತೆನಿ ಎನ್ನುತ್ತಾರೆ. ಹಣಿಗೆ, ಕೋಟೆ ಕೊಮ್ಮೆ, ಜೋಳದ ತೆನೆ ಇವುಗಳ ಆಕಾರ. ದಡಿಯಲ್ಲಿ ಗೋಮಿ, ಚಿಕ್ಕಿ, ಪರಾಸ್, ಈಚಿನದು ಗಾಯತ್ರಿ. ಇದರ ಮೇಲೆ ಕಸೂತಿ ಹಾಕಿದರೆ ಇನ್ನೂ ಚೆಂದ, ಬೆಲೆಯೂ ಅಷ್ಟೇ.

ನೂಲು ಸುತ್ತುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಹಿಂಗ ಫೋನ್ ಹಿಡಕೊಂಡು ಬಾಳ ಮಂದಿ ಬಂದಾರವ್ವಾ. ನಮ್ಮವರು ಕೊಂಡಿ ಹಾಕೂದು ತಗೊಂಡು ಹೋಗ್ಯಾರ. ಎಷ್ಟ ಮಂದಿ ನೋಡ್ಯಾರಂತ ಹೇಳತಾರ. ನಮಗ ಒಂದ ಸೀರಿನೂ ಹೆಚ್ಚಿಗಿ ಹೋಗಿಲ್ಲ."

ಒಳಗಿಂದ ಸೊಸೆ ಚಹಾ ತಂದಳು. ಬಿ.ಕಾಂ. ಓದಿದ ಹುಡುಗಿ, ಮಾತು ಕಡಿಮೆ, ಲೆಕ್ಕ ಚುರುಕು. ಆ ವಿಡಿಯೋ ತೋರಿಸಿದಳು. ಮಾವನ ಬೆರಳುಗಳು, ಹಿಂದೆ ಯಾವುದೋ ಸಿನಿಮಾ ಸಂಗೀತ. ನೋಡಿದವರು ಬೇಕಾದಷ್ಟು. ಕೆಳಗೆ ನೂರಾರು ಜನ "ಎಲ್ಲಿ ಸಿಗುತ್ತೆ?" ಎಂದು ಕೇಳಿದ್ದಾರೆ, ಒಬ್ಬರಿಗೂ ಉತ್ತರವಿಲ್ಲ. ಊರಿನ ಹೆಸರು ಕೂಡ ಇಲ್ಲ. "ನೋಡಿದವರು ಬರಾಕ ದಾರಿನ ಇಟ್ಟಿಲ್ಲಲ್ರಿ ಅಕ್ಕಾರ" ಅಂದಳು ಸೊಸೆ. ಇಂಟರ್ನೆಟ್ಟಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ದಾರಿಗೂ ಕನ್ನಡದಲ್ಲಿ ಕೊಂಡಿ ಎಂದೇ ಹೆಸರಲ್ಲವೇ? ಒಡಲಿಗೂ ಸೆರಗಿಗೂ ನಡುವೆ ಅದಿಲ್ಲದಿದ್ದರೆ ಎರಡು ಬಟ್ಟೆ ತುಂಡು, ಅಷ್ಟೆ.

ಈ ಹುಡುಗಿ ಆರು ತಿಂಗಳ ಹಿಂದೆ ತನ್ನದೇ ಒಂದು ವೆಬ್‌ಸೈಟ್ ಮಾಡಿಕೊಂಡಿದ್ದಾಳೆ. ನನಗೆ ಆಶ್ಚರ್ಯವಾಯಿತು. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಕ್ಕಟೆ ಇರುವಾಗ ದುಡ್ಡು ಕೊಟ್ಟು ವೆಬ್‌ಸೈಟ್ ಏಕೆ? ಅವಳು ಹೇಳಿದ್ದು ಹೀಗೆ. ಅವು ಇನ್ನೊಬ್ಬರ ಕಟ್ಟೆ. ನಾವು ಕೂತು ಮಾತಾಡಬಹುದು, ಕಟ್ಟೆ ನಮ್ಮದಲ್ಲ. 2020ರ ಜೂನ್‌ನಲ್ಲಿ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದರಲ್ಲೇ ಬದುಕು ಕಟ್ಟಿಕೊಂಡವರ ಅಭಿಮಾನಿಗಳೆಲ್ಲ ಒಂದೇ ರಾತ್ರಿ ಕೈತಪ್ಪಿದರು. 2021ರ ಅಕ್ಟೋಬರ್ 4ರಂದು, ನವರಾತ್ರಿಗೆ ಮೂರೇ ದಿನ ಇರುವಾಗ, ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಜಗತ್ತಿನಾದ್ಯಂತ ಸುಮಾರು ಆರು ತಾಸು ನಿಂತುಹೋದದ್ದು ನೆನಪಿದೆಯಲ್ಲ? ವೆಬ್‌ಸೈಟಿನ ಹೆಸರಿಗೆ ವರ್ಷವರ್ಷ ಹಣ ಕಟ್ಟಬೇಕು ನಿಜ, ಆದರೆ ಕಟ್ಟಿದಷ್ಟು ದಿನ ಅದು ನಮ್ಮ ಮನೆಯ ವಿಳಾಸ.

ಹಾಗೆಂದು ಕಟ್ಟೆ ಬಿಡುವಂತಿಲ್ಲ, ಜನ ಇರುವುದೇ ಅಲ್ಲಿ. ಕಟ್ಟೆಯಿಂದ ಮನೆಗೆ ಕರೆತರುವುದೇ ಕೆಲಸ. ಅವಳ ಪುಟದಲ್ಲಿ ಒಂದೊಂದು ಸೀರೆಗೂ ಒಂದು ನಂಬರು, ಎಷ್ಟು ಗಜ, ಹತ್ತಿಯೋ ರೇಷ್ಮೆಯೋ ಚಮಕವೋ, ಯಾವ ದಡಿ, ಬೆಲೆ, ಅಂಚೆ ಖರ್ಚು ಎಲ್ಲಾ ಬರೆದಿದೆ. "ಬೆಲೆಗೆ ಮೆಸೇಜ್ ಮಾಡಿ" ಎಂದು ನಾನು ಬರೆಯುತ್ತಿದ್ದೆನಲ್ಲ, ಅದು ತಪ್ಪಂತೆ. ಅರ್ಧ ಜನ ಸಂಕೋಚಕ್ಕೇ ಕೇಳುವುದಿಲ್ಲ. ನಾನೂ ಪೇಟೆಯಲ್ಲಿ ಹಾಗೇ ಅಲ್ಲವೇ! ಗೂಗಲ್‌ನಲ್ಲಿ ಹುಡುಕುವವರು ಏನು ಬರೆದು ಹುಡುಕುತ್ತಾರೋ ಅದೇ ಮಾತು ಪುಟದಲ್ಲಿ ಇರಬೇಕು. "ಇಳಕಲ್ ಸೀರೆ 8 ಗಜ" ಎಂದು ಹುಡುಕುವ ಅಜ್ಜಿಯ ಮೊಮ್ಮಗಳಿಗೆ "ರಾಯಲ್ ಕಲೆಕ್ಷನ್" ಎಂಬ ಹೆಸರು ಸಿಗುವುದು ಎಲ್ಲಿಂದ?

ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ಕೆಳಗೆ ವಿಳಾಸ ಬರೆದರೆ ಒತ್ತಿದಾಗ ತೆರೆಯುವುದಿಲ್ಲ. ಪುಟದ ತಲೆಯಲ್ಲಿ, ನಮ್ಮ ಪರಿಚಯ ಇರುವಲ್ಲಿ ಹಾಕಬೇಕು, ಇಲ್ಲವೇ ಸ್ಟೋರಿಯಲ್ಲಿ ಕೊಂಡಿ ಅಂಟಿಸಬೇಕು. ವಾಟ್ಸಾಪ್ ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಗೆ ಮಾಯ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಮ್ಮೆಗೆ 256 ಜನ, ಅದೂ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಹೋಗುತ್ತದೆ. ಇದು ತಿಳಿಯದೆ ನಾನು ಎರಡು ವರ್ಷ ಗೋಡೆಗೆ ಮಾತಾಡಿದಂತೆ ಎಷ್ಟೋ ಜನಕ್ಕೆ ಕಳಿಸಿದ್ದೇನೆ! ಈಗ ಪಾರ್ಸಲ್ಲಿನಲ್ಲಿ ಒಂದು ಚೀಟಿ ಇಡುತ್ತೇನೆ: "ಈ ನಂಬರು ಉಳಿಸಿಕೊಳ್ಳಿ."

ಅವಳ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಕಟ್ಟು ಹಾಕಿದ ಹಳೇ ಲೆಕ್ಕದ ಪುಸ್ತಕವೊಂದಿದೆ. ಯಾವ ದಿನ ಏನು ಹಾಕಿದೆ, ಎಷ್ಟು ಜನ ಸೈಟಿಗೆ ಬಂದರು, ಯಾವ ದಾರಿಯಿಂದ ಬಂದರು, ಎಷ್ಟು ಜನ ಕೊಂಡರು ಎಂದು ನಾಲ್ಕು ಗೆರೆ ಎಳೆದು ಬರೆಯುತ್ತಾಳೆ. ಎಲ್ಲಿಂದ ಬಂದರೆಂಬುದನ್ನು ವೆಬ್‌ಸೈಟೇ ತೋರಿಸುತ್ತದೆ. ಅವಳು ಕುಣಿದು ಮಾಡಿದ ವಿಡಿಯೋ ನೋಡಿದವರು ಬಹಳ, ಸೈಟಿಗೆ ಬಂದವರು ಮೂವರು. ಮಾವ ಸುಮ್ಮನೆ ಕೂತು ಕೊಂಡಿ ಹಾಕುವ ವಿಡಿಯೋಕ್ಕೆ ಸಂಗೀತವಿಲ್ಲ, ಬರೀ ಮಗ್ಗದ ಸದ್ದು. ಅದನ್ನು ನೋಡಿದವರು ಕಡಿಮೆ. ಬಂದವರು ನಲವತ್ತು, ಕೊಂಡವರು ಐವರು. ಐದು ಸೀರೆ ಎಂದರೆ ಈ ಮನೆಗೆ ಎಷ್ಟು ದಿನದ ಕೆಲಸ! ಇಂಥ ಮನೆಗೆ ಲಕ್ಷ ಜನ ಬಂದು ಮಾಡುವುದೂ ಅಷ್ಟರಲ್ಲೇ ಇದೆ. ನೇಯುವುದಕ್ಕೆ ಇರುವುದು ಎರಡೇ ಕೈ. ನಮ್ಮಂಥವರಿಗೆ ಬೇಕಾದದ್ದು ಸರಿಯಾದ ಇನ್ನೂರು ಜನ ಎಂದು ನನಗಂತೂ ಅನ್ನಿಸಿತು.

ಫೋಟೋದ ವಿಷಯಕ್ಕೆ ಅತ್ತೆ ಸೊಸೆಗೆ ಜಗಳವೇ ಇದೆ. ಸೊಸೆ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ಪಡಸಾಲೆಯ ನೆರಳಲ್ಲಿ, ಸುಣ್ಣದ ಗೋಡೆಗೆ ಹಿಡಿದು ತೆಗೆಯುತ್ತಾಳೆ. ಬಿಸಿಲಿಗೆ ಹಿಡಿದರೆ ಕೆಂಪು ಕಿತ್ತಳೆಯಾಗಿ ಕಾಣುತ್ತದೆ, ಟ್ಯೂಬ್‌ಲೈಟಿಗೆ ಹಿಡಿದರೆ ನೇರಳೆ ನೀಲಿಯಾಗುತ್ತದೆ. ಬಣ್ಣ ಎತ್ತಿ ತೋರಿಸುವ ಫಿಲ್ಟರ್ ಹಾಕುವುದಿಲ್ಲ. ಮುಂಭಾಗ, ಹಿಂಭಾಗ, ಕೊಂಡಿ ಕೂಡಿದ ಜಾಗ, ಎರಡೂ ತುದಿಯ ದಾರ, ಹೀಗೆ ಐದು ಫೋಟೋ. "ಅದೇ ಹೊತ್ತಿಗೆ ರೊಟ್ಟಿ ಬಡಿಯೂದು ಯಾರು?" ಎಂಬುದು ಅತ್ತೆಯ ತಕರಾರು. ಅದೂ ನ್ಯಾಯವೇ.

ಹೊರಡುವ ಮುಂಚೆ ಚೌಕಾಸಿಗೆ ಇಳಿದೆ, ಅಭ್ಯಾಸಬಲ. ಯಜಮಾನರು ಬೇಸರಿಸಿಕೊಳ್ಳಲಿಲ್ಲ, ಮಗ್ಗವನ್ನು ತೋರಿಸಿದರು ಅಷ್ಟೆ. ಬಾಯಿ ಮುಚ್ಚಿಕೊಂಡು ಹೇಳಿದ ಬೆಲೆಗೇ ನಾಲ್ಕು ಸೀರೆ ತಂದೆ. ಹಣ ಫೋನಿನಲ್ಲೇ ಕಳಿಸಿದೆ. ಆಗ ಸೊಸೆ ಇನ್ನೊಂದು ಮಾತು ಹೇಳಿದಳು, ನಿಮಗೂ ಹೇಳುತ್ತೇನೆ. ಹಣ ಬರಬೇಕಾದರೆ ನಾವು ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. "ದುಡ್ಡು ಕಳಿಸ್ತೀನಿ, ಪಿನ್ ಹಾಕಿ" ಎಂದು ಗಿರಾಕಿ ಹೇಳಿದರೆ ಅವನು ಗಿರಾಕಿಯಲ್ಲ. ಅವಳ ಓಣಿಯಲ್ಲೇ ಒಬ್ಬರು ಹಾಗೆ ಕಳೆದುಕೊಂಡಿದ್ದಾರಂತೆ.

ಊರಿಗೆ ಬಂದ ರಾತ್ರಿ ಮಗಳನ್ನು ಕೂರಿಸಿಕೊಂಡು ಬೀರುವಿನ ಮೂವತ್ತೆರಡು ಸೀರೆಗೂ ಹೊಸದಾಗಿ ಬರೆದೆ: "ಇದು ವಿದ್ಯುತ್ ಮಗ್ಗದ ಸೀರೆ. ಇಳಕಲ್ ಮಾದರಿ, ಕೊಂಡಿ ಇಲ್ಲ." ಬೆಲೆ ಅರ್ಧಕ್ಕಿಳಿಸಿದೆ. ನಮ್ಮವರು ಓದಿ, "ಹೀಗೆ ಬರೆದರೆ ಯಾರು ತಗೋತಾರೆ?" ಅಂದರು. ದಿನನಿತ್ಯಕ್ಕೆಂದು ಇಪ್ಪತ್ತು ಹೋಗಿವೆ. ನಷ್ಟ ನಷ್ಟವೇ, ಮಗಳ ಫೀಸಿಗೆ ಈ ಸಲ ಬಳೆ ಅಡವಿಟ್ಟದ್ದು ಹೌದು. ಸೈಟಿಗೆ ಹೆಸರು ಕೊಂಡಾಗಿದೆ. ಪುಟದಲ್ಲಿ ಸದ್ಯ ನಾಲ್ಕೇ ಸೀರೆ. ನೇಯ್ದ ಮನೆ ಇಳಕಲ್ಲಿನದು ಎಂದು ಮೊದಲ ಸಾಲಿನಲ್ಲೇ ಬರೆದು, ಅವಳ ಸೈಟಿಗೆ ಕೊಂಡಿ ಹಾಕಿದ್ದೇನೆ. ಹಾಗಾದರೆ ಗಿರಾಕಿ ನೇರವಾಗಿ ಅಲ್ಲಿಗೇ ಹೋಗುವುದಿಲ್ಲವೇ ಎಂದು ಮಗಳು ಕೇಳಿದಳು. ಹೋದರೆ ಹೋಗಲಿ ಬಿಡು, ಅಂದೆ.

ಧಾರವಾಡದ ಆ ಶಿಕ್ಷಕಿಗೆ ಎರಡೂ ತುದಿಯ ದಾರದ ಫೋಟೋ ಕಳಿಸಿ, ನನ್ನ ತಪ್ಪು ಎಂದು ಬರೆದೆ. ಮೂರು ದಿನ ಉತ್ತರವಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಫೋನು ಸದ್ದು ಮಾಡಿತು: "ನಮ್ಮ ಅವ್ವಗ ಎಂಟು ಗಜದ್ದು ಬೇಕಿತ್ತು. ಚಂದ್ರಕಾಳಿ, ಗೋಮಿ ದಡಿ. ಸಿಗತದೇನ್ರಿ?" ಇಳಕಲ್ಲಿಗೆ ಫೋನು ಮಾಡಿದೆ. ಹಾಸು ಹೂಡಬೇಕು, ದೀಪಾವಳಿ ಹೊತ್ತಿಗೆ ಆದೀತು ಅಂದಿದ್ದಾರೆ.